ಅಟ್ಟದ ಮೇಲಿನ ಕಟ್ಟು

(ಆಕಾಶವಾಣಿ ಭಾಷಣ)

ಶಿರಸಿ, ಸಿದ್ದಾಪುರ, ಯಲ್ಲಾಪುರ ಸೀಮೆಯ ಹಳೆಯ ಮನೆಗಳಲ್ಲಿ ಹುಟ್ಟಿ ಬೆಳೆದವರಿಗೆ ಅಟ್ಟವೆಂದರೆ ಏನೆಂದು ವಿವರಿಸಬೇಕಾಗಿಲ್ಲ. ಅಡಿಗೆಮನೆಯ ಒಲೆಯ ಹೊಗೆ ವರ್ಷಗಟ್ಟಲೆ ಏರಿ ಏರಿ ತೊಲೆ ಜಂತಿಗಳೆಲ್ಲ ಕಾಡಿಗೆ ಬಳಿದಂತೆ ಕಪ್ಪಾಗಿರುವ, ಹಗಲಿನಲ್ಲಿಯೂ ದೀಪ ಹಿಡಿದೇ ಹತ್ತಬೇಕಾದ ಜಾಗ ಅದು. ಒಡೆದ ಮರಿಗೆ, ತುಕ್ಕು ಹಿಡಿದ ಕತ್ತಿ, ಬಿತ್ತನೆಗೆಂದು ಕಟ್ಟಿಟ್ಟ ಸವತೆಯ ಬೀಜ, ಮೂರು ತಲೆಮಾರು ತೂಗಿದ ತೊಟ್ಟಿಲು, ಇವುಗಳ ನಡುವೆ ನಮ್ಮ ಮನೆಯ ಅಟ್ಟದ ಒಂದು ಮೂಲೆಯಲ್ಲಿ ಕೆಂಪು ಪಾವುಡದಲ್ಲಿ ಸುತ್ತಿದ ಒಂದು ಕಟ್ಟು ಇತ್ತು. ವರ್ಷಕ್ಕೊಮ್ಮೆ, ನವರಾತ್ರಿಯ ಶಾರದಾ ಪೂಜೆಯ ದಿನ, ಅದು ಕೆಳಗಿಳಿಯುತ್ತಿತ್ತು. ಅಜ್ಜ ಮಡಿಯುಟ್ಟು ಅದನ್ನು ಮಣೆಯ ಮೇಲಿಡುತ್ತಿದ್ದರು. ಗಂಧ, ಅಕ್ಷತೆ, ಹೂವು ಏರುತ್ತಿದ್ದುವು. ನಾನು ಕೈ ಚಾಚಿದರೆ ಅಮ್ಮಮ್ಮ ತಡೆಯುತ್ತಿದ್ದಳು: “ತಮಾ, ಮುಟ್ಟಡ, ಅದು ಶಾರದೆ.” ವಿಜಯದಶಮಿಯಂದು ಶಾರದೆ ಮರಳಿ ಅಟ್ಟಕ್ಕೆ ಹೋಗುತ್ತಿದ್ದಳು.

ಅದರಲ್ಲಿ ಏನು ಬರೆದಿದೆ ಎಂದು ನಾನು ಒಮ್ಮೆ ಕೇಳಿದ್ದುಂಟು. ಅಜ್ಜ ಸ್ವಲ್ಪ ಹೊತ್ತು ಸುಮ್ಮನಿದ್ದು, “ನನ್ನ ಅಜ್ಜ ಓದುತ್ತಿದ್ದರು” ಎಂದರು. ಆ ಉತ್ತರದ ಭಾರ ಆಗ ನನಗೆ ತಿಳಿಯಲಿಲ್ಲ. ಒಂದು ಮನೆ ತನ್ನ ಕಾಗದವನ್ನು ನೂರು ವರ್ಷ ತಪ್ಪದೆ ಪೂಜಿಸಿಕೊಂಡು ಬಂದಿತ್ತು, ಐವತ್ತು ವರ್ಷಗಳಿಂದ ಓದಿರಲಿಲ್ಲ.

ಇಂದಿನ ನನ್ನ ಮಾತು ಇಂಥ ಕಟ್ಟುಗಳ ಬಗೆಗೆ. ವಸ್ತುಸಂಗ್ರಹಾಲಯ, ಪತ್ರಾಗಾರ ಎಂದೊಡನೆ ನಮ್ಮ ಕಣ್ಣಿಗೆ ಬರುವುದು ಮೈಸೂರು, ಬೆಂಗಳೂರು, ಧಾರವಾಡಗಳ ದೊಡ್ಡ ಕಟ್ಟಡಗಳು. ಆದರೆ ಈ ಮೂರು ತಾಲೂಕುಗಳಲ್ಲಿ ನಿಜವಾದ ಪತ್ರಾಗಾರ ಮನೆಯೇ. ಸೋದೆಯ ಸುತ್ತಲೇ ಸ್ವರ್ಣವಲ್ಲಿ, ವಾದಿರಾಜರ ಮಠ, ಸ್ವಾದಿಯ ಜೈನ ಮಠ ಎಂದು ಮೂರು ಸಂಪ್ರದಾಯಗಳ ಪೀಠಗಳಿವೆ. ಅವುಗಳಿಗೆ ತಮ್ಮ ತಮ್ಮ ಗ್ರಂಥಭಂಡಾರದ ಪರಂಪರೆಯಿದೆ. ಅದು ದೊಡ್ಡವರ ಮಾತಾಯಿತು. ಗುಡ್ಡದ ಬದಿಯ ಒಂಟಿ ಮನೆಗಳಲ್ಲಿ, ಪುರೋಹಿತರ, ನಾಡವೈದ್ಯರ, ಶಾನುಭೋಗರ, ಭಾಗವತರ ಮನೆಗಳಲ್ಲಿ ಬಿದ್ದಿರುವ ಓಲೆಗರಿಗಳ ಲೆಕ್ಕ ಇಟ್ಟವರಾರು?

ಈ ವಸ್ತುಗಳ ಸ್ವಭಾವವನ್ನು ಸ್ವಲ್ಪ ಹೇಳಬೇಕು. ನಮ್ಮ ಕಡೆಯ ಒಳ್ಳೆಯ ಓಲೆಗಳು ಶ್ರೀತಾಳೆಯವು. ಘಟ್ಟದ ಕೆಳಗಿನ ಊರುಗಳಲ್ಲಿ ಈ ಮರ ಈಗಲೂ ಅಲ್ಲಲ್ಲಿ ಕಾಣಸಿಗುತ್ತದೆ. ಹಲವು ದಶಕ ಬೆಳೆದು, ಬಾಳಿನಲ್ಲಿ ಒಮ್ಮೆ ಮಾತ್ರ ನೆತ್ತಿಯ ಮೇಲೆ ಹೂವಿನ ರಾಶಿ ಹೊತ್ತು, ಕಾಯಿ ಉದುರಿಸಿ ಸತ್ತುಹೋಗುತ್ತದೆ. ಅದರ ಎಲೆಯನ್ನು ಸೀಳಿ, ಕುದಿಸಿ, ನೆರಳಲ್ಲಿ ಒಣಗಿಸಿ, ಉಜ್ಜಿ ನುಣುಪು ಮಾಡಿ, ಕಂಟದಿಂದ ಅಕ್ಷರಗಳನ್ನು ಕೊರೆಯುತ್ತಿದ್ದರು. ಕೊರೆದ ಬಳಿಕ ಮಸಿ ಬಳಿದು ಒರೆಸಿದರೆ ಗೀರಿನಲ್ಲಿ ಮಾತ್ರ ಕಪ್ಪು ನಿಂತು ಅಕ್ಷರ ಎದ್ದು ಕಾಣುತ್ತದೆ. ತೂತಿನಲ್ಲಿ ದಾರ ಪೋಣಿಸಿ, ಮೇಲೆ ಕೆಳಗೆ ಹಲಗೆ ಇಟ್ಟು ಕಟ್ಟಿದರೆ ಅದೇ ಪುಸ್ತಕ. ಲೆಕ್ಕಪತ್ರಕ್ಕೆ ಕಡತ ಬೇರೆ. ಬಟ್ಟೆಗೆ ಹುಣಿಸೆಬೀಜದ ಅಂಟು ಮತ್ತು ಇದ್ದಿಲ ಪುಡಿ ಬಳಿದು ಒಣಗಿಸಿ, ಮಡಿಕೆ ಮಡಿಕೆಯಾಗಿ ಮಡಿಸಿ, ಬಳಪದಿಂದ ಬರೆಯುವ ಕರಿಯ ಪುಸ್ತಕ ಅದು. ಒರೆಸಿ ಮತ್ತೆ ಬರೆಯುವ ಅನುಕೂಲ ಅದಕ್ಕಿತ್ತು. ಇಂದು ನಾವು ಮೆಚ್ಚಿ ಹೇಳುವ ಆ ಅನುಕೂಲವೇ ಎಷ್ಟು ಇತಿಹಾಸವನ್ನು ಒರೆಸಿಹಾಕಿತೋ!

ವರ್ಷಕ್ಕೆ ಸುಮಾರು ನೂರು ಅಂಗುಲ ಮಳೆ ಬೀಳುವ ಈ ಸೀಮೆಯಲ್ಲಿ, ಗೋಡೆಯೇ ಬೆವರುವ ಆಷಾಢದಲ್ಲಿ, ಎಲೆಯ ಪುಸ್ತಕ ಇನ್ನೂರು ಮುನ್ನೂರು ವರ್ಷ ಬಾಳಿದ್ದು ಹೇಗೆ? ಹೊಗೆಯಿಂದ. ಅಜ್ಜಂದಿರು ಕಟ್ಟನ್ನು ಒಲೆಯ ಮೇಲಣ ಅಟ್ಟದಲ್ಲಿ ಇಟ್ಟದ್ದು ಬೇರೆಡೆ ಜಾಗವಿಲ್ಲದೆ ಅಲ್ಲ. ಬೆಚ್ಚಗಿನ ಒಣ ಹೊಗೆ ತಾಗುವಲ್ಲಿ ಬೂಷ್ಟು ಹಿಡಿಯದು, ಒರಲೆ ಹತ್ತದು. ಪಾವುಡದೊಳಗೆ ಬಜೆಯ ತುಂಡು, ಲಕ್ಕಿಸೊಪ್ಪು ಇರುತ್ತಿದ್ದುವು. ವರ್ಷಕ್ಕೊಮ್ಮೆ ಪೂಜೆಯ ನೆವದಲ್ಲಿ ಬಿಚ್ಚಿ, ಗಾಳಿಗೆ ಹಿಡಿದು, ಎಣ್ಣೆ ಸವರಿ ಕಟ್ಟುತ್ತಿದ್ದರು. ನವರಾತ್ರಿ ಬರುವುದು ಮಳೆಗಾಲ ಮುಗಿಯುವ ಹೊತ್ತಿಗೆ ಎಂಬುದನ್ನೂ ನೆನೆಯಬೇಕು. ಶಾಸ್ತ್ರವೆಂದು ನಾವು ತಿಳಿದದ್ದರಲ್ಲಿ ಅರ್ಧ ಸಂರಕ್ಷಣೆಯ ವಿಧಿಯೇ ಆಗಿತ್ತು. ಈಗ ಒಲೆ ಹೋಗಿ ಗ್ಯಾಸು ಬಂದಿದೆ, ಅಟ್ಟ ಹೋಗಿ ತಾರಸಿ ಬಂದಿದೆ. ಹೆಂಗಸರ ಕಣ್ಣಿಗೂ ಎದೆಗೂ ಹೊಗೆಯಿಂದ ಬಿಡುಗಡೆ ದೊರೆತದ್ದು ದೊಡ್ಡ ಮಾತು, ಅದನ್ನು ಅಲ್ಲಗಳೆಯುವ ಹಳಹಳಿಕೆ ನನ್ನದಲ್ಲ. ಆದರೆ ಹೊಗೆಯ ಕಾವಲು ತಪ್ಪಿದ ಕಟ್ಟು ಹೊಸ ಮನೆಯ ಕಪಾಟಿನಲ್ಲಿ ಎರಡೇ ಮಳೆಗಾಲದಲ್ಲಿ ಹುಡಿಯಾಗುವುದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಹುಡಿಯಾದುದನ್ನು ಹೊಳೆಗೆ ಬಿಡುತ್ತಾರೆ. ಅದಕ್ಕೂ ಶಾಸ್ತ್ರದ ಒಪ್ಪಿಗೆಯುಂಟು.

ನಮ್ಮ ಮನೆಯ ಕಟ್ಟಿನ ಕತೆ ಸ್ವಲ್ಪ ಬೇರೆ. ನಲವತ್ತು ವರ್ಷಗಳ ಹಿಂದಿನ ಮಾತು. ಹಸ್ತಪ್ರತಿಗಳನ್ನು ಸಂಗ್ರಹಿಸುತ್ತಿದ್ದ ಒಂದು ಸಂಸ್ಥೆಯವರು ನಮ್ಮೂರಿಗೆ ಬಂದರು. ಸಂಸ್ಥೆ ಯಾವುದೆಂದು ಹೇಳುವುದಿಲ್ಲ, ಹೇಳಿ ಈಗ ಪ್ರಯೋಜನವೂ ಇಲ್ಲ. ಬಂದವರು ಸಜ್ಜನರು, ವಿದ್ವಾಂಸರು, ನಮ್ಮ ಜಗಲಿಯಲ್ಲಿ ಕುಳಿತು ಎರಡು ಗಂಟೆ ಮಾತನಾಡಿದರು. ಪ್ರತಿ ಮಾಡಿಸಿ ಆರು ತಿಂಗಳಲ್ಲಿ ಮರಳಿಸುವುದಾಗಿ ಹೇಳಿದರು. ಅಪ್ಪಯ್ಯ ಅನುಮಾನಿಸಿದರು. ನಾನು ಆಗ ಕಾಲೇಜು ಮುಗಿಸಿ ಬಂದವನು, ನಾಲ್ಕು ಪುಸ್ತಕ ಓದಿದವನು. “ಇಲ್ಲಿದ್ದು ಹುಳ ತಿನ್ನುವುದಕ್ಕಿಂತ ಅಲ್ಲಿದ್ದು ನಾಲ್ಕು ಜನ ಓದಲಿ” ಎಂದು ವಾದಿಸಿದವನು ನಾನೇ. ಕಟ್ಟಿನ ದೊಡ್ಡ ಭಾಗವನ್ನು ಅವರ ಜೀಪಿನಲ್ಲಿ ಇಟ್ಟವನೂ ನಾನೇ. ಅತಿಥಿಗಳ ಬಳಿ ರಸೀತಿ ಕೇಳುವುದು ಮರ್ಯಾದೆಯಲ್ಲವೆಂದು ನಮಗೆ ತೋರಿತು.

ಆರು ತಿಂಗಳು ಆರು ವರ್ಷವಾಯಿತು. ಬರೆದ ಕಾಗದಗಳಿಗೆ ಮೊದಮೊದಲು ಉತ್ತರ ಬಂತು, ಆಮೇಲೆ ಅದೂ ನಿಂತಿತು. ಕಡೆಗೆ ನಾನೇ ಹೋದೆ. ಬಂದಿದ್ದ ವಿದ್ವಾಂಸರು ನಿವೃತ್ತರಾಗಿದ್ದರು. ನೋಂದಣಿ ಪುಸ್ತಕವನ್ನು ಮೂರು ಸಲ ತಿರುವಿ ಹಾಕಿದ ಗುಮಾಸ್ತರು, “ನಿಮ್ಮ ಹೆಸರಿನಲ್ಲಿ ಏನೂ ದಾಖಲಾಗಿಲ್ಲವಲ್ಲ” ಎಂದು ನಿಜವಾಗಿ ನೊಂದುಕೊಂಡು ಹೇಳಿದರು. ಒಂದು ಕೋಣೆಯ ಬಾಗಿಲು ತೆರೆದು ತೋರಿಸಿದರು. ನೆಲದಿಂದ ಸೂರಿನವರೆಗೆ ಕಟ್ಟುಗಳು. ಯಾವುದಕ್ಕೂ ಚೀಟಿಯಿಲ್ಲ. ನಮ್ಮದು ಅಲ್ಲಿಯೇ ಇದ್ದಿರಬಹುದು, ಈಗಲೂ ಇದ್ದೀತು. ಯಾರೂ ಕದ್ದರೆಂದು ನಾನು ಹೇಳುತ್ತಿಲ್ಲ. ಆದರೆ ಪಟ್ಟಿಯಲ್ಲಿ ಇಲ್ಲದ ಗ್ರಂಥ ಭಂಡಾರದೊಳಗೆ ಇದ್ದರೂ ಒಂದೇ, ಅಘನಾಶಿನಿಯಲ್ಲಿ ತೇಲಿಹೋದರೂ ಒಂದೇ. ಅಪ್ಪಯ್ಯ ಈ ಬಗೆಗೆ ನನ್ನನ್ನು ಒಂದು ಮಾತೂ ಆಡಲಿಲ್ಲ. ಆ ವರ್ಷದ ಶಾರದಾ ಪೂಜೆಯಲ್ಲಿ ಮಣೆಯ ಮೇಲೆ ಉಳಿದ ಅರ್ಧ ಕಟ್ಟನ್ನು ಇಡುವಾಗ ಪಾವುಡವನ್ನು ಮೊದಲಿನಷ್ಟೇ ದಪ್ಪ ಕಾಣುವಂತೆ ಸುತ್ತಿದರು.

ಕಾಪಾಡುವುದೆಂದರೆ ಬೀಗ ಹಾಕುವುದು, ತೆರೆಯುವುದೆಂದರೆ ಕೊಟ್ಟುಬಿಡುವುದು ಎಂದು ನಾನು ಆಗ ತಿಳಿದಿದ್ದೆ. ಎರಡೂ ತಪ್ಪು.

ಬೀಗದ ಕತೆಯನ್ನು ಮೂಡುಬಿದಿರೆ ಹೇಳುತ್ತದೆ. ದಿಗಂಬರ ಜೈನರ ಆಗಮಗ್ರಂಥವಾದ ಷಟ್ಖಂಡಾಗಮದ ಧವಲಾ ಮೊದಲಾದ ಟೀಕೆಗಳ ಪ್ರಾಚೀನ ಓಲೆಪ್ರತಿಗಳು, ಹಳಗನ್ನಡ ಲಿಪಿಯಲ್ಲಿ ಬರೆದವು, ಅಲ್ಲಿನ ಸಿದ್ಧಾಂತ ಬಸದಿಯಲ್ಲಿ ಶತಮಾನಗಳ ಕಾಲ ಉಳಿದುವು. ದೇಶದ ಮೂಲೆಮೂಲೆಯಿಂದ ಯಾತ್ರಿಕರು ಬಂದು ದರ್ಶನ ಪಡೆದು ಹೋಗುತ್ತಿದ್ದರು. ಓದಿದವರಿಲ್ಲ. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಪ್ರತಿ ಮಾಡುವ ಕೆಲಸ ಮೊದಲಾಯಿತು, ಒಂದು ಪ್ರತಿ ಗುಟ್ಟಾಗಿ ಹೊರಗೂ ಹೋಯಿತು. ಹೀರಾಲಾಲ ಜೈನರು ಸಂಪಾದಿಸಿದ ಮೊದಲ ಸಂಪುಟ 1939ರಲ್ಲಿ ಅಚ್ಚಾಗಿ ಹೊರಬಂದು, ಮುಂದೆ ಹದಿನಾರು ಸಂಪುಟಗಳಾದುವು. ಕಾಪಾಡಿದ ಮಠದವರಿಗೂ ಗುಟ್ಟಾಗಿ ಬರೆದುಕೊಂಡವರಿಗೂ ನಾವು ಋಣಿಗಳೇ. ಇಬ್ಬರಲ್ಲಿ ಒಬ್ಬರು ಇಲ್ಲದಿದ್ದರೂ ಆ ಗ್ರಂಥ ನಮಗಿಲ್ಲ.

ಶೃಂಗೇರಿಯದು ಇನ್ನೊಂದು ಬಗೆ. 1916ರಲ್ಲಿ ಮೈಸೂರು ಪುರಾತತ್ವ ಇಲಾಖೆಯ ಆರ್. ನರಸಿಂಹಾಚಾರ್ಯರು, ನಮಗೆ ಕವಿಚರಿತೆಯನ್ನು ಕೊಟ್ಟ ಮಹನೀಯರೇ, ಮಠದ ಕಾಗದಗಳಲ್ಲಿ ಟೀಪು ಸುಲ್ತಾನನು ಅಲ್ಲಿನ ಸ್ವಾಮಿಗಳಿಗೆ ಬರೆದ ಕನ್ನಡ ಪತ್ರಗಳನ್ನು ಕಂಡರು. 1791ರಲ್ಲಿ ಮರಾಠರ ದಂಡು ಮಠವನ್ನು ಲೂಟಿ ಮಾಡಿದ ಮೇಲೆ ದೇವಿಯ ಪುನಃಪ್ರತಿಷ್ಠೆಗೆ ನೆರವು ಕೊಡಿಸಿದ ವಿವರ ಅವುಗಳಲ್ಲಿತ್ತು. ನೂರಿಪ್ಪತ್ತೈದು ವರ್ಷ ಆ ಪತ್ರಗಳು ಅದೇ ಪೆಟ್ಟಿಗೆಯಲ್ಲಿದ್ದುವು. ತೆರೆದ ದಿನದಿಂದ ಇಂದಿನವರೆಗೆ ಟೀಪುವಿನ ಪರವಾಗಿ ಮಾತನಾಡುವವರೂ ವಿರುದ್ಧವಾಗಿ ಮಾತನಾಡುವವರೂ ಆ ಕಾಗದಗಳಿಗೆ ಉತ್ತರ ಹೇಳಿಯೇ ಮುಂದೆ ಹೋಗಬೇಕಾಗಿದೆ. ಮೈಸೂರಿನ ಪ್ರಾಚ್ಯ ಗ್ರಂಥಾಲಯಕ್ಕೆ ತಂಜಾವೂರು ಕಡೆಯ ಪಂಡಿತರೊಬ್ಬರು ತಂದುಕೊಟ್ಟ ಓಲೆಯ ಕಟ್ಟಿನಲ್ಲಿ ಆರ್. ಶಾಮಶಾಸ್ತ್ರಿಗಳಿಗೆ 1905ರಲ್ಲಿ ಕೌಟಿಲ್ಯನ ಅರ್ಥಶಾಸ್ತ್ರ ದೊರೆತ ಸಂಗತಿ ನಿಮಗೆಲ್ಲ ಗೊತ್ತು. ಅದನ್ನು ಮತ್ತೆ ವಿಸ್ತರಿಸುವುದಿಲ್ಲ. ಶಾಸ್ತ್ರಿಗಳಿಗೆ ಗ್ರಂಥ ಲಿಪಿ ಓದಲು ಬರುತ್ತಿತ್ತು ಎಂಬುದನ್ನಷ್ಟೆ ನೆನಪಿಸುತ್ತೇನೆ.

ಏಕೆಂದರೆ ನಮ್ಮ ಸೀಮೆಯ ದೊಡ್ಡ ಸಂಕಟ ಒರಲೆಯಲ್ಲ, ಲಿಪಿ. ನಮ್ಮ ಕಡೆಯ ಸಂಸ್ಕೃತದ ಓಲೆಗಳು ಬಹುಪಾಲು ತಿಗಳಾರಿಯಲ್ಲಿವೆ. ಮಲೆನಾಡಿನ, ಕರಾವಳಿಯ ವೈದಿಕ ಮನೆಗಳಲ್ಲಿ ವೇದ, ಪ್ರಯೋಗ, ಜ್ಯೋತಿಷಗಳನ್ನು ಬರೆದುಕೊಳ್ಳುತ್ತಿದ್ದ ಲಿಪಿ ಅದು. ಮಲೆಯಾಳದ ಲಿಪಿಗೆ ಹತ್ತಿರದ ನಂಟು. ಅಚ್ಚಿನ ಪುಸ್ತಕ ನಾಗರಿಯಲ್ಲಿ, ಕನ್ನಡದಲ್ಲಿ ಕೈಗೆ ಬಂದಮೇಲೆ ಅದನ್ನು ಕಲಿಯುವ ಅಗತ್ಯ ಯಾರಿಗೂ ಕಾಣಲಿಲ್ಲ. ಓಲೆ ಮುನ್ನೂರು ವರ್ಷ ತಾಳುತ್ತದೆ. ಓದುವ ಕಣ್ಣು ಎರಡು ತಲೆಮಾರಿನಲ್ಲಿ ಆರಿಹೋಗುತ್ತದೆ. 2024ರ ಸೆಪ್ಟೆಂಬರಿನಲ್ಲಿ ಯುನಿಕೋಡಿನ 16ನೆಯ ಆವೃತ್ತಿಯಲ್ಲಿ ತುಳು-ತಿಗಳಾರಿ ಎಂಬ ಹೆಸರಿನಿಂದ ಈ ಲಿಪಿಗೆ ಸ್ಥಾನ ಸಿಕ್ಕಿತು. ಗಣಕಯಂತ್ರ ಅದನ್ನು ಗುರುತಿಸಬಲ್ಲುದು. ನಮ್ಮ ಮನೆಯ ಮೊಮ್ಮಕ್ಕಳು ಗುರುತಿಸುವುದು ಇನ್ನು ಮುಂದಿನ ಮಾತು.

ಉಳಿದ ಅರ್ಧ ಕಟ್ಟನ್ನು ಎತ್ತಿಕೊಂಡು ನಾನು ಊರೂರು ಅಲೆದೆ. ಕಡೆಗೆ ಯಲ್ಲಾಪುರ ತಾಲೂಕಿನ ಒಂದು ಹಳ್ಳಿಯಲ್ಲಿ ಎಂಬತ್ತು ದಾಟಿದ ಭಟ್ಟರೊಬ್ಬರು ಸಿಕ್ಕಿದರು. ಹೊರಗೆ ಬಿಸಿಲಿಗೆ ಬೆನ್ನು ಕೊಟ್ಟು ಕುಳಿತು, ಓಲೆಯನ್ನು ಓರೆಯಾಗಿ ಹಿಡಿದು, ಬೆರಳಿನಿಂದ ತಡವಿ ತಡವಿ ಓದಿದರು. ಮೊದಲ ಮೂವತ್ತು ಓಲೆ ಅಪರ ಪ್ರಯೋಗ. “ಇದು ಅಚ್ಚಾಗಿದೆ, ಹೊಸದೇನಲ್ಲ” ಎಂದು ಪಕ್ಕಕ್ಕಿಟ್ಟರು. ನನಗೆ ನಿರಾಶೆಯಾಯಿತು. ಮುಂದಿನ ಓಲೆಗಳು ಕನ್ನಡ: ದನಗಳ ಕಾಯಿಲೆಗೆ ಮದ್ದು, ಗೊರಸು ಒಡೆದರೆ ಏನು ಕಟ್ಟಬೇಕು, ಕರು ಅಡ್ಡವಾದರೆ ಏನು ಮಾಡಬೇಕು. ಅದರ ಹಿಂದೆ, ಬೇರೆ ಕೈಬರಹದಲ್ಲಿ, ಅಡಿಕೆಯ ಲೆಕ್ಕ. ಯಾರಿಗೆ ಎಷ್ಟು ಮಣ, ಯಾರ ಸಾಲ ತೀರಿತು, ಯಾರದು ಉಳಿಯಿತು, ಉಪ್ಪು ಎಲ್ಲಿಂದ ಬಂತು. ಒಂದು ಕಡೆ ಒಂದು ಹೆಂಗಸಿನ ಹೆಸರು, ಮುಂದೆ “ಕೊಡಬೇಕಾದ್ದಿಲ್ಲ” ಎಂಬ ಒಂದು ಮಾತು. ಭಟ್ಟರು ಅಲ್ಲಿ ನಿಂತು, “ಇದು ಶಾರದೆ ಅಲ್ಲ, ನಿಮ್ಮ ಮನೆತನ” ಎಂದರು.

ಫ್ರಾನ್ಸಿಸ್ ಬುಕಾನನ್ ಎಂಬ ಸ್ಕಾಟ್ಲೆಂಡಿನ ವೈದ್ಯ 1801ರಲ್ಲಿ ಯಲ್ಲಾಪುರ, ಸೋದೆ, ಶಿರಸಿ, ಬನವಾಸಿಯ ಮಾರ್ಗವಾಗಿ ಹೋದವನು. ತೋಟಗಳು ಹೇಗಿವೆ, ಹೈಗರು ಯಾರು, ಕಂದಾಯವೆಷ್ಟು ಎಂದು ಕಂಡವರನ್ನೆಲ್ಲ ಕೇಳಿ ಬರೆದುಕೊಂಡ. ಅವನ ಪ್ರವಾಸಗ್ರಂಥ 1807ರಲ್ಲಿ ಲಂಡನ್ನಿನಲ್ಲಿ ಅಚ್ಚಾಯಿತು. ಇಂದು ಇನ್ನೂರು ವರ್ಷದ ಹಿಂದಿನ ನಮ್ಮ ತೋಟದ ಸ್ಥಿತಿ ತಿಳಿಯಬೇಕಾದರೆ ನಾವು ಆ ಇಂಗ್ಲಿಷ್ ಪುಸ್ತಕವನ್ನು ತೆರೆಯುತ್ತೇವೆ. ಅದು ಒಳ್ಳೆಯ ಪುಸ್ತಕವೇ. ಆದರೆ ದುಭಾಷಿಯ ಮೂಲಕ ಕೇಳಿ, ಎರಡು ದಿನ ತಂಗಿ ಮುಂದೆ ಹೋದವನ ಮಾತು ಅದು. ತೋಟ ಮಾಡಿದವರೇ ಬರೆದಿಟ್ಟ ಲೆಕ್ಕ ಅಟ್ಟದ ಮೇಲಿರುವಾಗ ದಾರಿಹೋಕನ ಟಿಪ್ಪಣಿಯೇ ನಮ್ಮ ಇತಿಹಾಸವಾಗಿದೆ.

ಹೊರಗೆ ಹೋದ ಕಾಗದಗಳ ಕತೆಯೂ ಇದೇ ಸೀಮೆಯದು. ಹೈದರನು 1763ರಲ್ಲಿ ಬಿದನೂರನ್ನು ಗೆದ್ದ ಬಳಿಕ ಸೋದೆಯ ರಾಜ್ಯವೂ ಅವನ ಕೈಸೇರಿತು. ಅರಸುಮನೆತನ ಘಟ್ಟವಿಳಿದು ಪೋರ್ಚುಗೀಸರ ಆಶ್ರಯದಲ್ಲಿ ಗೋವೆಯ ಬಾಂದೋಡೆಯಲ್ಲಿ ನೆಲೆಸಿತು. ಸೋದೆಯ ಅರಸರು ಪೋರ್ಚುಗೀಸರೊಡನೆ ನಡೆಸಿದ ವ್ಯವಹಾರದ ಪತ್ರಗಳು ಗೋವೆಯ ಪತ್ರಾಗಾರದಲ್ಲಿ, ನೆರೆಯ ಅರಸರ ಕಾಗದಗಳ ಸಂಪುಟಗಳಲ್ಲಿ ಉಳಿದಿವೆ. ಆ ಪತ್ರಾಗಾರ 1595ರಲ್ಲಿ ಸ್ಥಾಪಿತವಾದುದು. ಆದರೆ ಅದು ಹೊರಗಿನವರಿಗೆ ನಿಜವಾಗಿ ತೆರೆದದ್ದು ಪಾಂಡುರಂಗ ಪಿಸುರ್ಲೇಕರರಿಂದ. 1931ರಿಂದ ಅದರ ಹೊಣೆ ಹೊತ್ತು ದಶಕಗಳ ಕಾಲ ಆ ಕಾಗದಗಳ ನಡುವೆ ಬಾಳಿದ ಅವರು 1955ರಲ್ಲಿ ಒಂದು ಮಾರ್ಗದರ್ಶಿ ಪಟ್ಟಿಯನ್ನು ಅಚ್ಚು ಹಾಕಿಸಿದರು. ಗೋವೆ ಮತ್ತು ಕೆನರಾ ಸೀಮೆಯ ಸಂಬಂಧವನ್ನು ಕುರಿತು ಬಿ. ಎಸ್. ಶಾಸ್ತ್ರಿಯವರು ಬರೆದಂಥ ಗ್ರಂಥಗಳಿಗೆ ನೆಲೆ ಒದಗಿದ್ದು ಆ ಕಾಗದಗಳಿಂದಲೇ. ನಾನು ಆ ಊರಿಗೆ ಹೋಗಿ ಬಂದಮೇಲೆ, ಚೀಟಿಯಿಲ್ಲದ ಕಟ್ಟುಗಳ ಆ ಕೋಣೆ ಮತ್ತೆ ಮತ್ತೆ ನೆನಪಾಗುತ್ತಿತ್ತು. ಕರ್ನಲ್ ಮೆಕೆಂಜಿಯ ಸಂಗ್ರಹವೂ ಹೀಗೆಯೇ. 1821ರಲ್ಲಿ ಆತ ತೀರಿಕೊಂಡ ಬಳಿಕ ಅದು ಲಂಡನ್ನಿಗೆ ಒಂದಷ್ಟು, ಮದರಾಸಿಗೆ ಒಂದಷ್ಟು ಎಂದು ಹಂಚಿಹೋಯಿತು. ನಮ್ಮ ಊರುಗಳ ಕೈಫಿಯತ್ತುಗಳು ಎಂ. ಎಂ. ಕಲಬುರ್ಗಿಯವರ ಸಂಪಾದನೆಯಲ್ಲಿ ಹಂಪಿಯ ಕನ್ನಡ ವಿಶ್ವವಿದ್ಯಾಲಯದಿಂದ ಅಚ್ಚಾದದ್ದು 1994ರಲ್ಲಿ. ಹೋದ ಕಾಗದ ಮರಳಿ ಬರಲು ನೂರೆಪ್ಪತ್ತು ವರ್ಷ ಹಿಡಿಯಿತು.

ಹಾಗಾದರೆ ತೆರೆಯುವುದು ಹೇಗೆ? ಬಿಚ್ಚಿದಷ್ಟೂ ಓಲೆಯ ಅಂಚು ಮುರಿಯುತ್ತದೆ ಎಂಬುದು ಸುಳ್ಳಲ್ಲ. ಈ ತೊಡಕನ್ನು ಬಹಳ ಚೆನ್ನಾಗಿ ಎದುರಿಸಿದವರು ದೂರದ ಹಂಗೇರಿ ದೇಶದವರು. ಅಲ್ಲಿನ ರಾಷ್ಟ್ರೀಯ ವಸ್ತುಸಂಗ್ರಹಾಲಯ ಹುಟ್ಟಿದ್ದೇ 1802ರಲ್ಲಿ ಸೇಚೆನ್ಯಿ ಎಂಬ ಶ್ರೀಮಂತ ತನ್ನ ಮನೆಯ ಪುಸ್ತಕ, ಹಸ್ತಪ್ರತಿ, ನಾಣ್ಯಗಳನ್ನು ನಾಡಿಗೆ ಒಪ್ಪಿಸಿದ್ದರಿಂದ. ನನ್ನನ್ನು ಹೆಚ್ಚು ಹಿಡಿದದ್ದು ಇನ್ನೊಂದು ಸಂಗತಿ. ಬೇಲ ವಿಕಾರ್ ಎಂಬಾತ 1890ರ ದಶಕದಲ್ಲಿಯೇ ಎಡಿಸನ್ನನ ಯಂತ್ರವನ್ನು ಹೊತ್ತು ಹಳ್ಳಿಗಳಿಗೆ ಹೋಗಿ ರೈತರ ಹಾಡುಗಳನ್ನು ಮೇಣದ ಉರುಳೆಗಳ ಮೇಲೆ ಹಿಡಿದ. ಹತ್ತು ವರ್ಷದ ಬಳಿಕ ಬೇಲ ಬಾರ್ತೋಕ್, ಜೋಲ್ತಾನ್ ಕೋದಾಯ್ ಎಂಬ ಇಬ್ಬರು ತರುಣ ಸಂಗೀತಗಾರರು ಆ ದಾರಿ ಹಿಡಿದರು. ಮೇಣದ ಗುಣವೆಂದರೆ, ಪ್ರತಿ ಸಲ ಕೇಳಿಸಿದಾಗಲೂ ಸೂಜಿ ಒಂದಿಷ್ಟು ಮೇಣ ಕೆರೆಯುತ್ತದೆ. ಕೇಳಿದಷ್ಟೂ ಹಾಡು ಸವೆಯುತ್ತದೆ. ಕೇಳದೆ ಇಟ್ಟರೆ ಇಟ್ಟು ಫಲವಿಲ್ಲ. ಅವರು ಕೇಳಿ ಸ್ವರ ಬರೆದಿಟ್ಟರು. 1934ರ ಬಳಿಕ ಬಾರ್ತೋಕ್, ಆಗಲೇ ಜಗತ್ಪ್ರಸಿದ್ಧನಾಗಿದ್ದವನು, ತನ್ನ ದೇಶದ ವಿಜ್ಞಾನ ಅಕಾಡೆಮಿಯಲ್ಲಿ ಕುಳಿತು ಹಳೆಯ ಉರುಳೆಗಳನ್ನು ಮತ್ತೆ ಕೇಳಿ, ತಾನೇ ಹಿಂದೆ ಬರೆದ ಸ್ವರಲಿಪಿಯನ್ನು ತಿದ್ದಿದ. ಮೂವತ್ತು ವರ್ಷದ ಹಿಂದೆ ತನ್ನ ಕಿವಿಗೆ ಬೀಳದ ಸೂಕ್ಷ್ಮಗಳು ಈಗ ಕೇಳಿಸುತ್ತಿದ್ದುವು. ಆ ಉರುಳೆಗಳು ಬುಡಾಪೆಸ್ಟಿನ ಜನಾಂಗ ಸಂಗ್ರಹಾಲಯಕ್ಕೆ ಸೇರಿದುವು. ಬಾರ್ತೋಕನ ಸಂಗ್ರಹವನ್ನು ಇಂದು ಮನೆಯಲ್ಲಿ ಕುಳಿತೇ ನೋಡಬಹುದು, ಕೇಳಬಹುದು. ಮೂಲವನ್ನು ಮುಟ್ಟದೆಯೇ ಸಾವಿರ ಸಲ ತೆರೆಯುವ ಉಪಾಯ ನಮ್ಮ ಓಲೆಗೂ ಈಗ ಒದಗಿದೆ, ಪ್ರತಿಯೊಬ್ಬರ ಕಿಸೆಯಲ್ಲಿಯೂ ಇದೆ.

ಹಾಡಿನ ಮಾತು ಬಂದುದರಿಂದ ಇನ್ನೊಂದನ್ನು ಹೇಳಿಬಿಡಬೇಕು. ಓಲೆಯ ಕಟ್ಟುಗಳನ್ನಷ್ಟೆ ನೆಚ್ಚಿದರೆ ಈ ಸೀಮೆಯ ಅರ್ಧ ಜನ ಇತಿಹಾಸದ ಹೊರಗೆ ಉಳಿಯುತ್ತಾರೆ. ಸಿದ್ದಾಪುರದ ದೀವರ ಹೆಂಗಸರು ಕೆಮ್ಮಣ್ಣಿನ ಗೋಡೆಯ ಮೇಲೆ ಅಕ್ಕಿಹಿಟ್ಟಿನಿಂದ ಬರೆಯುವ ಹಸೆ ಚಿತ್ತಾರ, ಭೂಮಿ ಹುಣ್ಣಿಮೆಗೆಂದು ಚಿತ್ತಾರ ಬರೆಯುವ ಭೂಮಣ್ಣಿ ಬುಟ್ಟಿ, ಇವುಗಳಿಗೆ ಅಟ್ಟವಿಲ್ಲ. ಮುಂದಿನ ವರ್ಷ ಗೋಡೆ ಸಾರಿಸಿ ಹೊಸದಾಗಿ ಬರೆಯುತ್ತಾರೆ. ಬರೆಯುವ ಕೈಯೇ ಅದರ ಭಂಡಾರ. ಯಲ್ಲಾಪುರದ ಕಾಡಿನ ಸಿದ್ಧಿಗಳ ಪೂರ್ವಜರನ್ನು ಆಫ್ರಿಕದಿಂದ ಹಡಗಿನಲ್ಲಿ ತಂದವರ ಕಾಗದಗಳು ಗೋವೆಯಂಥ ಊರುಗಳಲ್ಲಿವೆ, ಬಂದವರ ಮಾತು ದಮಾಮಿಯ ಬಡಿತದಲ್ಲಿ, ಹಾಡಿನಲ್ಲಿ ಮಾತ್ರ ಇದೆ. ಕುಮಟೆಯ ಎಲ್. ಆರ್. ಹೆಗಡೆಯವರು, ಹೊನ್ನಾವರದ ಎನ್. ಆರ್. ನಾಯಕರು ಜಿಲ್ಲೆಯುದ್ದಕ್ಕೂ ಹಾಡು ಕತೆಗಳನ್ನು ಬರೆದುಕೊಂಡದ್ದು ಎಷ್ಟು ದೊಡ್ಡ ಕೆಲಸವೆಂದು ಈಗ ತಿಳಿಯುತ್ತಿದೆ. ಶಿರಸಿಯ ಮಾರಿಕಾಂಬೆಯ ದೇವಾಲಯದ ಗೋಡೆಗಳ ಕಾವಿ ಚಿತ್ರಗಳನ್ನು ಜಾತ್ರೆಗೆ ಹೋದವರೆಲ್ಲ ನೋಡಿರುತ್ತೀರಿ. ಕೆಮ್ಮಣ್ಣು ಮತ್ತು ಸುಣ್ಣದ ಆ ಕಲೆ ಕರಾವಳಿಯ ಎಷ್ಟೋ ಗುಡಿಗಳಲ್ಲಿ ಜೀರ್ಣೋದ್ಧಾರದ ಉತ್ಸಾಹಕ್ಕೆ ಬಲಿಯಾಗಿದೆ. ಕೃಷ್ಣಾನಂದ ಕಾಮತರು ಊರೂರು ತಿರುಗಿ ಅದನ್ನು ದಾಖಲಿಸದಿದ್ದರೆ ಎಲ್ಲೆಲ್ಲಿ ಇತ್ತೆಂಬುದೂ ಮರೆತುಹೋಗುತ್ತಿತ್ತು.

ತೆರೆಯಲು ಒಪ್ಪದವರ ಅಂಜಿಕೆಯನ್ನು ನಾನು ಹಗುರಾಗಿ ಕಾಣುವುದಿಲ್ಲ. ಮಂತ್ರಭಾಗವನ್ನು ಅನ್ಯರಿಗೆ ತೋರಿಸಬಾರದೆಂಬ ನಂಬಿಕೆ ಕೆಲವರದು. ಅವರನ್ನು ಒತ್ತಾಯಿಸುವುದು ಸಲ್ಲ, ಆ ಓಲೆಗಳನ್ನು ಬಿಟ್ಟು ಉಳಿದವನ್ನು ಪಟ್ಟಿ ಮಾಡಬಹುದು. ಹೆಚ್ಚಿನ ಅಂಜಿಕೆ ಭೂಮಿಯದು. ಗೇಣಿಯ ಕಾಗದ ಹೊರಬಂದರೆ, ಬೆಟ್ಟದ ಹಕ್ಕಿನ ಪತ್ರ ಹೊರಬಂದರೆ ಏನು ತಕರಾರು ಏಳುತ್ತದೋ ಎಂದು ಪೆಟ್ಟಿಗೆ ಮುಚ್ಚಿದವರುಂಟು. 1974ರ ಭೂಸುಧಾರಣೆಯ ತಿದ್ದುಪಡಿಗೂ ಈಗ ಐವತ್ತು ವರ್ಷ ದಾಟಿತು. ಒಡೆಯನ ಮೊಮ್ಮಗನಿಗೂ ಒಕ್ಕಲಿನ ಮೊಮ್ಮಗಳಿಗೂ ಆ ಕಾಗದ ಸಮಾನವಾಗಿ ಸೇರಬೇಕಾದದ್ದು ಎಂದು ನನ್ನ ಮತ. ಅವಳ ಮುತ್ತಜ್ಜನ ಹೆಸರು ಬರಹದಲ್ಲಿ ಸಿಗುವುದು ಬಹುಶಃ ಆ 'ಬಾಕಿ'ಯ ಪಟ್ಟಿಯಲ್ಲಿ ಮಾತ್ರ. 1930ರ ದಶಕದ ಮೊದಲಿಗೆ ಸಿದ್ದಾಪುರ, ಅಂಕೋಲೆಗಳಲ್ಲಿ ಕರನಿರಾಕರಣೆ ನಡೆದಾಗ ಸರಕಾರ ಭೂಮಿಯನ್ನು, ದನಕರುಗಳನ್ನು ಜಪ್ತಿ ಮಾಡಿ ಹರಾಜು ಹಾಕಿತು. ಹರಾಜು ಹಿಡಿದವರ ಮನೆಯೆದುರು ಹೆಂಗಸರು ಉಪವಾಸ ಕುಳಿತರು. ಆ ಜಪ್ತಿಯ ನೋಟೀಸುಗಳು ಎಷ್ಟೋ ಮನೆಗಳ ಟ್ರಂಕಿನಲ್ಲಿ ಮಡಚಿಕೊಂಡಿವೆ. ಹರಾಜಿನಲ್ಲಿ ಕೊಂಡವರ ಮನೆಯಲ್ಲಿಯೂ ಕಾಗದಗಳಿರಬೇಕು. ಮಾವಿನಗುಂಡಿಯಲ್ಲಿ ಸ್ಮಾರಕವಿದೆ, ಸರಿ. ಎರಡೂ ಕಡೆಯ ಕಾಗದಗಳನ್ನು ಒಂದೆಡೆ ಇಟ್ಟು ಓದಿದವರನ್ನು ನಾನು ಕಂಡಿಲ್ಲ.

ಸಿದ್ದಾಪುರದ ಗಡಿ ದಾಟಿ ಸಾಗರ ತಾಲೂಕಿಗೆ ಹೋದರೆ ಕೆಳದಿಯಿದೆ. ಒಂದು ಹಳ್ಳಿ ಏನು ಮಾಡಬಹುದೆಂಬುದಕ್ಕೆ ನಮಗೆ ಅದಕ್ಕಿಂತ ಹತ್ತಿರದ ನಿದರ್ಶನ ಬೇಡ. ಕೆಳದಿ ಗುಂಡಾ ಜೋಯಿಸರು ಸುತ್ತಲಿನ ಮನೆಗಳ ಓಲೆ, ಕಡತ, ಮೋಡಿ ಲಿಪಿಯ ಕಾಗದಗಳನ್ನು ಕೂಡಿಸಿ ಅಲ್ಲಿಯೇ ಒಂದು ಸಂಗ್ರಹಾಲಯ ಕಟ್ಟಿದರು. ಅದು ಕುವೆಂಪು ವಿಶ್ವವಿದ್ಯಾಲಯದ ಆಶ್ರಯಕ್ಕೆ ಬಂದಿದೆ. ಅವರ ಹಿರಿಮೆ ಸಂಗ್ರಹಿಸಿದ್ದರಲ್ಲಿ ಮಾತ್ರವಲ್ಲ, ಮೋಡಿ, ತಿಗಳಾರಿಗಳನ್ನು ತಾವೇ ಓದಿ ಇತರರಿಗೂ ಕಲಿಸಿದ್ದರಲ್ಲಿ. ಕೇಂದ್ರ ಸರಕಾರ 2003ರಲ್ಲಿ ರಾಷ್ಟ್ರೀಯ ಹಸ್ತಪ್ರತಿ ಅಭಿಯಾನವನ್ನು ಆರಂಭಿಸಿತು. 2025ರ ಮುಂಗಡಪತ್ರದಲ್ಲಿ ಜ್ಞಾನಭಾರತಂ ಎಂಬ ಹೆಸರಿನಿಂದ ಒಂದು ಕೋಟಿಗೂ ಮೇಲ್ಪಟ್ಟು ಹಸ್ತಪ್ರತಿಗಳನ್ನು ದಾಖಲಿಸುವ ಯೋಜನೆಯನ್ನು ಸಾರಿತು. ಒಂದು ಕೋಟಿಯೆಂದರೆ ದೊಡ್ಡ ಸಂಖ್ಯೆ. ನಮ್ಮ ಮನೆಯ ಅರ್ಧ ಕಟ್ಟು ಅದರಲ್ಲಿ ಸೇರಬೇಕಾದರೆ ಯಾರಾದರೂ ನಮ್ಮ ಏಣಿ ಹತ್ತಬೇಕು. ದಿಲ್ಲಿಯವರು ಹತ್ತುವುದಿಲ್ಲ.

ಆದ್ದರಿಂದ ನಾನೇ ಹತ್ತಿದೆ. ಕಳೆದ ನವರಾತ್ರಿಯಲ್ಲಿ ಪೂಜೆ ಮುಗಿದ ಮೇಲೆ, ಮಳೆ ಹಿಂದೆಗೆದ ಬೆಳಕಿನಲ್ಲಿ, ಜಗಲಿಯ ಮೇಲೆ ಬಿಳಿಯ ಪಂಚೆ ಹಾಸಿ ಕಟ್ಟು ಬಿಚ್ಚಿದೆವು. ಮೊಮ್ಮಗಳು ಒಂದೊಂದೇ ಓಲೆಯ ಎರಡೂ ಮಗ್ಗುಲಿನ ಚಿತ್ರ ತೆಗೆದಳು, ಪಕ್ಕದಲ್ಲಿ ಅಳತೆಪಟ್ಟಿ ಇಟ್ಟು. ನಾನು ಶಾಲೆಯ ಎರಡು ಗೆರೆಯ ಪುಸ್ತಕದಲ್ಲಿ ಕ್ರಮಸಂಖ್ಯೆ, ಉದ್ದ, ಅಗಲ, ಸಾಲುಗಳೆಷ್ಟು, ಮೊದಲ ಎರಡು ಶಬ್ದ, ಹಾನಿ ಎಷ್ಟು ಎಂದು ಬರೆದೆ. ಅಕ್ಷರ ಬಾರದ ಕಡೆ ಆಕಾರ ಬರೆದೆ. ನಡುವೆ ಅವಳ ಅಜ್ಜಿ ಬಂದು, “ಮಿಂದಿದ್ಯನೇ?” ಎಂದು ಕೇಳಿದ್ದೂ ಆಯಿತು. ಮಿಂದಿದ್ದಳು. ಯಲ್ಲಾಪುರದ ಭಟ್ಟರು ಈಗ ಇಲ್ಲ. ಅವರು ಓದಿ ಹೇಳಿದ್ದನ್ನು ಅಂದು ನಾನು ಗೀಚಿಕೊಂಡಿದ್ದ ಹಾಳೆಗಳನ್ನು ಪಕ್ಕದಲ್ಲಿಟ್ಟುಕೊಂಡು ಹುಡುಗಿ ತಿಗಳಾರಿಯ ಹನ್ನೆರಡು ಅಕ್ಷರ ಗುರುತಿಸಿದಳು. ಚಿತ್ರಗಳ ಒಂದು ಪ್ರತಿ ನಮ್ಮಲ್ಲಿದೆ, ಒಂದು ಪ್ರತಿಯನ್ನು ಬೇರೆಯವರಿಗೆ ಕೊಟ್ಟಿದ್ದೇವೆ. ಈ ಸಲ ರಸೀತಿ ಪಡೆದಿದ್ದೇವೆ. ಕಟ್ಟು ಮನೆಯಲ್ಲಿಯೇ ಇದೆ, ಕೇಳಿದವರಿಗೆ ಜಗಲಿಯಲ್ಲಿ ಕುಳಿತು ನೋಡಲು ಅಡ್ಡಿಯಿಲ್ಲ.

ಎಣಿಸುವಾಗ ಒಂದು ಸಂಗತಿ ಗಮನಕ್ಕೆ ಬಂತು. ಓಲೆಗಳ ಎಡ ಅಂಚಿನಲ್ಲಿ ಬರೆದಾತನೇ ಸಂಖ್ಯೆ ಹಾಕಿದ್ದಾನೆ. ಅಡಿಕೆಯ ಲೆಕ್ಕದ ಭಾಗದಲ್ಲಿ 41 ಆದ ಮೇಲೆ 43 ಇದೆ. ನಡುವಿನ ಓಲೆ ಜೀಪಿನಲ್ಲಿ ಹೋದ ಕಟ್ಟಿನೊಡನೆ ಹೋಗಿರಬೇಕು. ಅದೇ ಅಳತೆಗೆ ಒಂದು ದಪ್ಪ ಕಾಗದ ಕತ್ತರಿಸಿ, ತೂತು ಕೊರೆದು, ದಿನಾಂಕ ಬರೆದು, ಆ ಜಾಗದಲ್ಲಿ ಪೋಣಿಸಿಟ್ಟಿದ್ದೇನೆ. ನಮ್ಮ ಕಟ್ಟಿನ ದಾರ ಕಪ್ಪು ಬಣ್ಣದ್ದು, ಹಲಗೆ ಹಲಸಿನ ಮರದ್ದು, ಒಂದು ಮೂಲೆ ಇಲಿ ಕಡಿದದ್ದು. ಕೇಳುತ್ತಿರುವವರಲ್ಲಿ ಯಾರ ಕಪಾಟಿನಲ್ಲಿಯಾದರೂ ಅಂಥ ಕಟ್ಟೊಂದಿದ್ದು, ಅದರಲ್ಲಿ 42ನೆಯ ಓಲೆ ಸಿಕ್ಕಿದರೆ, ಅದನ್ನು ಮರಳಿ ಕೊಡಬೇಕೆಂದು ನಾನು ಕೇಳುವುದಿಲ್ಲ. ಅದರಲ್ಲಿ ಏನಿದೆಯೆಂದು ಓದಿ ತಿಳಿಸಿದರೆ ಸಾಕು.